ಹೆಪ್ಪು, ಗುಂಪು, ಗಂಟು

‘ನ್ಯಾನೋಕಣ ಸೇರಿಸಿದೊಡನೆ ರಕ್ತ ಹೆಪ್ಪುಗಟ್ಟಿತು’ ಎಂಬ ವಾಕ್ಯ ವಿಜ್ಞಾನ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ (ನ್ಯಾನೋಕಣವೆಂದರೆ ಬರಿಗಣ್ಣಿಗೆ ಕಾಣದಷ್ಟು ಅತಿ ಸಣ್ಣ ಕಣ). ಪ್ರಯೋಗದ ವಿವರಕ್ಕಿಳಿದರೆ ಎಷ್ಟೋ ಸಲ ಅಲ್ಲಿ ಹೆಪ್ಪೇ ಇರುವುದಿಲ್ಲ.

ಅಡುಗೆಮನೆಯಲ್ಲಿ ಈ ಗೊಂದಲ ಯಾರಿಗೂ ಇಲ್ಲ. ಹೆಪ್ಪು ಹಾಕಿದ ಹಾಲು ಪಾತ್ರೆಯ ತುಂಬ ಒಂದೇ ಗಟ್ಟಿಯಾಗುತ್ತದೆ. ನೀರು ಎಲ್ಲೂ ಹೋಗಿರುವುದಿಲ್ಲ, ಪ್ರೋಟೀನಿನ ಬಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಲು ಒಡೆಯುವುದು ಬೇರೆ. ರಾಗಿ ಅಂಬಲಿ ಗಂಟಾಗುವುದು ಇನ್ನೂ ಬೇರೆ: ಗಂಟುಗಳ ಸುತ್ತ ಅಂಬಲಿ ತೆಳ್ಳಗೇ ಇರುತ್ತದೆ. ‘ಅಂಬಲಿ ಹೆಪ್ಪುಗಟ್ಟಿತು’ ಎಂದು ಯಾರಾದರೂ ಅನ್ನುವುದುಂಟೇ?

ರಕ್ತದಲ್ಲೂ ಹೀಗೇ. ಥ್ರಾಂಬಿನ್ ಕಿಣ್ವವು ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಕತ್ತರಿಸಿ, ಅದು ಫೈಬ್ರಿನ್ ಎಳೆಗಳ ಬಲೆಯಾದರೆ ಹೆಪ್ಪು. ರಕ್ತದ ಕಿರುಕೋಶಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿದರೆ ಗುಂಪು. ಸೇರಿಸಿದ ನ್ಯಾನೋಕಣಗಳೇ ಕೂಡಿಕೊಂಡರೆ ಗಂಟು. ಸಿಟ್ರೇಟ್ ಹೊದ್ದ ಚಿನ್ನದ ನ್ಯಾನೋಕಣಗಳ ಕೆಂಪು ದ್ರಾವಣಕ್ಕೆ 0.9% ಉಪ್ಪುನೀರು ಬಿದ್ದರೆ ನೀಲಿಗೆ ತಿರುಗುವುದು ಈ ಗಂಟಿನಿಂದ. ಮೊದಲೇ ಆಲ್ಬುಮಿನ್ ಎಂಬ ಪ್ರೋಟೀನು ಬೆರೆಸಿದ್ದರೆ ಅದು ಕಣಗಳ ಮೈಗೆ ಹತ್ತಿ ಗಂಟನ್ನು ತಡೆಯುತ್ತದೆ.

ಗೊಂದಲ ಹುಟ್ಟಿಸುವುದು ಫೈಬ್ರಿನೋಜೆನ್. ಲೀಟರ್ ಪ್ಲಾಸ್ಮಾಕ್ಕೆ (ರಕ್ತದ ದ್ರವಭಾಗ) 2ರಿಂದ 4 ಗ್ರಾಂ ಇರುವ, ಸುಮಾರು 45 ನ್ಯಾನೋಮೀಟರ್ ಉದ್ದದ ಈ ಪ್ರೋಟೀನು ಮೂರೂ ಕಡೆ ಕೈಹಾಕುತ್ತದೆ: ಹೆಪ್ಪಿಗೆ ಅದೇ ಕಚ್ಚಾವಸ್ತು, ಪ್ಲೇಟ್‌ಲೆಟ್‌ಗಳ ನಡುವೆ ಅದೇ ಸೇತುವೆ, 20 ನ್ಯಾನೋಮೀಟರ್ ಕಣಗಳನ್ನು ಜೋಡಿಸಲೂ ಅದರ ಉದ್ದ ಸಾಕು. ಹಾಗೆಂದು ಮೂರೂ ಒಂದೇ ಆಗಲಿಲ್ಲ. ಧನಾವೇಶದ ದೊಡ್ಡ ಡೆಂಡ್ರಿಮರ್‌ಗಳು (ಮರದಂತೆ ಕವಲೊಡೆದ ಅಣುಗಳು) ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುತ್ತವೆ. ಋಣಾವೇಶದ ಸಿಲಿಕಾ ರಕ್ತದ 12ನೇ ಹೆಪ್ಪುಗಟ್ಟುವ ಅಂಶವನ್ನು (ಫ್ಯಾಕ್ಟರ್ XII ಎಂಬ ಪ್ರೋಟೀನು) ಎಚ್ಚರಿಸಿ ಹೆಪ್ಪಿನ ದಾರಿ ಹಿಡಿಸುತ್ತದೆ. ಇವೆರಡನ್ನೂ ‘ಹೆಪ್ಪುಗಟ್ಟಿಸುವ ಕಣಗಳು’ ಎಂದು ಒಂದೇ ಬುಟ್ಟಿಗೆ ಹಾಕಿದರೆ ಯಾವುದಕ್ಕೆ ಯಾವ ಪರೀಕ್ಷೆ ಎಂಬುದೇ ತಿಳಿಯದು.

ಪ್ಲೇಟ್‌ಲೆಟ್ ಪರೀಕ್ಷೆಗೆ 9 ಪಾಲು ರಕ್ತವನ್ನು 1 ಪಾಲು 3.2% ಸೋಡಿಯಂ ಸಿಟ್ರೇಟಿಗೆ ತೆಗೆದುಕೊಳ್ಳುತ್ತಾರೆ. ಹೆಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅನ್ನು ಸಿಟ್ರೇಟ್ ಹಿಡಿದಿಟ್ಟುಕೊಳ್ಳುವುದರಿಂದ ಆ ಕೊಳವೆಯಲ್ಲಿ ಹೆಪ್ಪು ಆಗಲೇಬಾರದು. ಆದರೂ ವರದಿ ಮಾತ್ರ ‘ಹೆಪ್ಪುಗಟ್ಟಿತು’! ಹೆಪ್ಪೇ ಬೇಕಿದ್ದರೆ ಕ್ಯಾಲ್ಸಿಯಂ ಮರಳಿ ಸೇರಿಸಿ ಹೆಪ್ಪಾಗುವವರೆಗಿನ ಸೆಕೆಂಡುಗಳನ್ನು ಎಣಿಸಬೇಕು.

ಗುಂಪನ್ನು ಅಳೆಯಲು ಈ ರಕ್ತವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ನಿಧಾನವಾಗಿ ತಿರುಗಿಸಿ (ಗುರುತ್ವದ ಸುಮಾರು 200 ಪಟ್ಟು ಬಲ, 10 ನಿಮಿಷ) ಪ್ಲೇಟ್‌ಲೆಟ್‌ಗಳಿರುವ ಮೇಲಿನ ಪ್ಲಾಸ್ಮಾವನ್ನು 37 ಡಿಗ್ರಿಯಲ್ಲಿ ಕಲಕುತ್ತಾ ಬೆಳಕು ಹಾಯಿಸುತ್ತಾರೆ. ಗುಂಪು ಕಟ್ಟಿದಷ್ಟೂ ಬೆಳಕು ಹೆಚ್ಚು ದಾಟುತ್ತದೆ. ಎಡವುವುದು ಇಲ್ಲಿಯೇ: ನ್ಯಾನೋಕಣಗಳೂ ಬೆಳಕನ್ನು ಚದುರಿಸುತ್ತವೆ, ಗಂಟಾಗಿ ತಳ ಸೇರಿದರೆ ಗ್ರಾಫು ಗುಂಪಿನಂತೆಯೇ ಏರುತ್ತದೆ. ಅದೇ ಕಣಗಳನ್ನು ಪ್ಲೇಟ್‌ಲೆಟ್ ಇಲ್ಲದ ಪ್ಲಾಸ್ಮಾದಲ್ಲೂ ಹಾಕಿ ನೋಡಿ. ಅಲ್ಲಿಯೂ ಗೆರೆ ಏರಿತೆಂದರೆ ನೀವು ಅಳೆದದ್ದು ಗಂಟನ್ನು.