ನಡಿಗೆ ನೆಟ್ಟಗಿದೆ, ಪಾಠ ಯಾಕೆ ಹಿಂದೆ? ಮಕ್ಕಳ ಎಂಎಸ್‌ನ ಕಾಣದ ಮುಖ

ಮಿದುಳು, ನರಗಳಿಗೆ ಬರುವ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂದರೆ ಕಣ್ಣು ಮಂಜಾಗುವ, ಕಾಲು ಸೋಲುವ ಕಾಯಿಲೆ ಎಂದೇ ಹೆಚ್ಚಿನವರ ತಿಳಿವಳಿಕೆ. ಪ್ಯಾರಿಸ್‌ನ ವೈದ್ಯ ಶಾರ್ಕೋ 1868ರಲ್ಲಿ ಇದನ್ನು ವಿವರಿಸಿದರು. ರೋಗಿಗಳ ನೆನಪು ಕುಂದುವುದನ್ನೂ ಗುರುತಿಸಿದ್ದರು. ಆಮೇಲೆ ನೂರು ವರ್ಷ ಆ ಮಾತು ಮೂಲೆಗೆ ಬಿತ್ತು. 1983ರಲ್ಲಿ ಬಂದ, ಈ ಕಾಯಿಲೆಯ ವೈಕಲ್ಯ ಅಳೆಯಲು ಈಗಲೂ ಎಲ್ಲೆಡೆ ಬಳಸುವ ಇಡಿಎಸ್‌ಎಸ್ ಅಳತೆಗೋಲೂ ಎಷ್ಟು ದೂರ ನಡೆಯಬಲ್ಲಿರಿ ಎಂಬುದನ್ನೇ ಮುಖ್ಯವಾಗಿ ನೋಡುತ್ತದೆ.

ಎಂಎಸ್ ಇರುವ ನೂರು ಜನರಲ್ಲಿ 3ರಿಂದ 10 ಮಂದಿಗೆ ಅದು ಹದಿನೆಂಟು ತುಂಬುವ ಮೊದಲೇ ಶುರುವಾಗಿರುತ್ತದೆ. ಮಕ್ಕಳಲ್ಲಿ ಕಾಯಿಲೆ ಮರುಕಳಿಸುವುದು ದೊಡ್ಡವರಿಗಿಂತ ಹೆಚ್ಚು, ಆದರೆ ಚೇತರಿಕೆ ಬೇಗ. ಹೀಗಾಗಿ ಮಗು ಎದ್ದು ಓಡಾಡತೊಡಗಿದರೆ ಎಲ್ಲರೂ ನೆಮ್ಮದಿಯ ಉಸಿರುಬಿಡುತ್ತಿದ್ದರು.

ಕಣ್ಣು ತೆರೆಸಿದ್ದು 2005ರಿಂದ ಮುಂದಿನ ಕೆಲವೇ ವರ್ಷಗಳು. ಮೊದಲು ಉತ್ತರ ಅಮೆರಿಕದಲ್ಲಿ ಬೆರಳೆಣಿಕೆಯ ಮಕ್ಕಳನ್ನು ಕೂರಿಸಿ ನೆನಪು, ಗಮನ, ವೇಗಗಳನ್ನು ಪರೀಕ್ಷಿಸಿದರು. 2008ರಲ್ಲಿ ಇಟಲಿಯ ತಂಡ 63 ಮಕ್ಕಳನ್ನು ನೋಡಿದಾಗ ಹತ್ತಿರಹತ್ತಿರ ಮೂರರಲ್ಲೊಂದು ಪಾಲು ಮಕ್ಕಳಿಗೆ ತೊಂದರೆ ಕಂಡಿತು. ದೊಡ್ಡವರಲ್ಲಿ ಅಷ್ಟಾಗಿ ಕೆಡದ ಭಾಷಾಶಕ್ತಿಯೂ ಇವರಲ್ಲಿ ಕುಗ್ಗಿತ್ತು. ಕಾರಣ ಊಹಿಸಬಹುದು: ನರತಂತುಗಳಿಗೆ ಮಯಲಿನ್ ಹೊದಿಕೆ (ಸಂದೇಶ ಬೇಗ ಸಾಗಲು ನೆರವಾಗುವ ಪದರ) ಬೀಳುವ ಕೆಲಸ ಇಪ್ಪತ್ತು ದಾಟಿದರೂ ನಡೆದೇ ಇರುತ್ತದೆ. ಎಂಎಸ್ ಆ ಹೊದಿಕೆಯನ್ನೇ ತಿನ್ನುತ್ತದೆ. ಗೋಡೆ ಏಳುತ್ತಿರುವಾಗಲೇ ಇಟ್ಟಿಗೆ ಕಿತ್ತ ಹಾಗೆ.

ಈ ತೊಂದರೆಗಳು ಎಕ್ಸರೇಯಲ್ಲಿ ಮುರಿದ ಮೂಳೆಯಂತೆ ಕಾಣುವುದಿಲ್ಲ. ಬೋರ್ಡ್ ಮೇಲಿನದನ್ನು ಬರೆದು ಮುಗಿಸುವಷ್ಟರಲ್ಲಿ ಅಳಿಸಿರುತ್ತಾರೆ. ಉತ್ತರ ಗೊತ್ತಿರುತ್ತದೆ, ಸಮಯ ಸಾಲುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿದ್ದೆಯಿಂದಲೂ ನೀಗದ ಸುಸ್ತು. ‘ಸೋಮಾರಿ’, ‘ಮೊದಲು ಚೆನ್ನಾಗಿ ಓದ್ತಿದ್ದ’ ಎಂಬ ಮಾತು ಕೇಳಿಕೇಳಿ ಮಗು ಮಾತು ಕಡಿಮೆ ಮಾಡುತ್ತದೆ. ಖಿನ್ನತೆ, ಆತಂಕ ಇವರಲ್ಲಿ ಸಾಮಾನ್ಯ. ಅದರಲ್ಲಿ ಮಿದುಳಿನ ಉರಿಯೂತದ್ದೆಷ್ಟು, ಮುಂದಿನ ಸಲ ಏನು ಕೈಕೊಡುತ್ತದೋ ಎಂಬ ಭಯದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಔಷಧಗಳೇನೋ ಮುಂದೆ ಹೋಗಿವೆ. 2018ರಲ್ಲಿ ಅಮೆರಿಕ ಹತ್ತು ವರ್ಷ ಮೇಲ್ಪಟ್ಟ ಮಕ್ಕಳಿಗೆ ಫಿಂಗೋಲಿಮಾಡ್ ಒಪ್ಪಿತು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳ ಪಟ್ಟಿಗೆ ಎಂಎಸ್ ಸೇರಿಸಿದೆ. ಆದರೆ ಮೀಸಲಾತಿಯಂಥ ಸವಲತ್ತಿಗೆ ವೈಕಲ್ಯ ಶೇಕಡಾ 40ರ ಗೆರೆ ಮುಟ್ಟಬೇಕು. ತಾನೇ ನಡೆದುಕೊಂಡು ಬಂದ ಹುಡುಗಿಯ ನಿಧಾನವಾದ ಯೋಚನೆಗೆ ಎಷ್ಟು ಅಂಕ? ಕೇವಲ 90 ಸೆಕೆಂಡಿನಲ್ಲಿ ಚಿಹ್ನೆಗೆ ಅಂಕಿ ಹೊಂದಿಸುವ ಒಂದು ಪರೀಕ್ಷೆ ಆ ನಿಧಾನವನ್ನು ಹಿಡಿಯಬಲ್ಲದು. ಎಂಆರ್‌ಐ ಮಾಡಿಸಿದ ದಿನವೇ ಅದನ್ನೂ ಮಾಡಬಹುದು.