ಜಾರ್ಜ್ ಹರೆಲ್ ಫೋಟೋಗಳಲ್ಲಿ ನೆರಳನ್ನು ಓದುವುದು

ಹಳೆಯ ಹಾಲಿವುಡ್ ತಾರೆಯರ ಪೋರ್ಟ್ರೇಟ್ ಸಿಕ್ಕಿದರೆ ಮೊದಲು ಮೂಗಿನ ಕೆಳಗಿನ ನೆರಳು ನೋಡಿ. ಅದು ನೇರ ಕೆಳಗೆ, ಚಿಟ್ಟೆಯ ಆಕಾರದಲ್ಲಿ ಬಿದ್ದಿದ್ದರೆ ಮುಖ್ಯ ದೀಪ ಮುಖದ ಎದುರಿಗೆ, ತಲೆಗಿಂತ ಎತ್ತರದಲ್ಲಿತ್ತು ಅಂತ ಲೆಕ್ಕ. ಇದೇ ಬಟರ್‌ಫ್ಲೈ ಲೈಟಿಂಗ್. ಪ್ಯಾರಮೌಂಟ್ ಲೈಟಿಂಗ್ ಅಂತಲೂ ಕರೆಯುತ್ತಾರೆ. ಆ ಸ್ಟುಡಿಯೋದ ತಾರೆ ಮರ್ಲೀನ್ ಡೀಟ್ರಿಚ್‌ಗೆ ಇದು ಹೇಳಿ ಮಾಡಿಸಿದ ಬೆಳಕು. ಕೆನ್ನೆಯ ಮೂಳೆ ಎದ್ದು ಕಾಣುತ್ತದೆ, ಅದರಡಿ ನೆರಳು ಕೂರುತ್ತದೆ. ದೀಪ ಇನ್ನೂ ಮೇಲೆ ಹೋದರೆ ಕಣ್ಣುಗಳೇ ಕತ್ತಲಾಗುತ್ತವೆ.

ಹಾಲಿವುಡ್ ತಾರೆಯರ ಪೋರ್ಟ್ರೇಟ್ ತೆಗೆಯುತ್ತಿದ್ದ ಛಾಯಾಗ್ರಾಹಕ ಹರೆಲ್ ಹೆಸರು ಮಾಡಿದ್ದು ನಟಿ ನಾರ್ಮಾ ಶಿಯರರ್‌ಳಿಂದ. ಆಕೆಯ ಗಂಡ ಇರ್ವಿಂಗ್ ಥಾಲ್‌ಬರ್ಗ್ ಎಂಜಿಎಂ ಸ್ಟುಡಿಯೋದ ನಿರ್ಮಾಪಕ. ‘ದಿ ಡೈವೋರ್ಸಿ’ ಚಿತ್ರದ ಪಾತ್ರಕ್ಕೆ ಬೇಕಾದ ಮಾದಕತೆ ಹೆಂಡತಿಯಲ್ಲಿಲ್ಲ ಅಂತ ಅವನ ಅಭಿಪ್ರಾಯ. 1929ರಲ್ಲಿ ಹರೆಲ್ ತೆಗೆದ ಫೋಟೋ ನೋಡಿ ಮನಸ್ಸು ಬದಲಾಯಿಸಿದ. ಶಿಯರರ್‌ಗೆ ಪಾತ್ರವೂ ಸಿಕ್ಕಿತು, ಆಸ್ಕರ್ ಕೂಡ ಬಂತು. 1930ರಲ್ಲಿ ಹರೆಲ್‌ಗೆ ಎಂಜಿಎಂನಲ್ಲಿ ಕೆಲಸ. ಫೋಟೋ ಬರೀ ಪ್ರಚಾರಕ್ಕೆ ಅನ್ನುವವರಿಗೆ ಈ ಕಥೆ ಸಾಕು, ಅಲ್ವಾ?

ಉದ್ದ ಕೋಲಿನ ತುದಿಗೆ ದೀಪ ಕಟ್ಟಿ ತಾರೆಯ ತಲೆಯ ಮೇಲೆ ತರುವುದು ಆತನ ಗುರುತು. ಸ್ಟ್ಯಾಂಡ್ ಫ್ರೇಮಿನಲ್ಲಿ ಬರುವುದಿಲ್ಲ, ಕೂದಲಿನ ಅಂಚು ಮಾತ್ರ ಹೊಳೆಯುತ್ತದೆ.

ಈಗ ನಿಜವಾದ ವಿಷಯ. ಹರೆಲ್ ತೆಗೆದ, ನಟಿ ಜೋನ್ ಕ್ರಾಫರ್ಡ್‌ಳ 1931ರ ಒಂದು ಫೋಟೋ ಎರಡು ರೂಪದಲ್ಲಿ ಉಳಿದಿದೆ. ಒಂದರಲ್ಲಿ ಮುಖದ ತುಂಬ ಕಂದು ಚುಕ್ಕೆಗಳು. ಇನ್ನೊಂದರಲ್ಲಿ ಚರ್ಮ ಅಮೃತಶಿಲೆಯ ಹಾಗೆ. ಮೇಕಪ್ ಕಡಿಮೆ, ದೀಪದ ಬೆಳಕು ತೀಕ್ಷ್ಣ. ಆದ್ದರಿಂದ ಕ್ಯಾಮೆರಾ ಏನನ್ನೂ ಬಚ್ಚಿಡಲಿಲ್ಲ. ಚುಕ್ಕೆ ಅಳಿಸಿದ್ದು ರಿಟಚ್ ಮಾಡುವವನ, ಅಂದರೆ ನೆಗೆಟಿವ್ ಮೇಲೆ ಕೈಯಿಂದ ತಿದ್ದುವವನ ಪೆನ್ಸಿಲ್!

ಪೆನ್ಸಿಲ್ ಹೇಗೆ ಅಳಿಸುತ್ತದೆ? ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ. ಕಪ್ಪು ಚುಕ್ಕೆ ಅಲ್ಲಿ ತೆಳ್ಳಗಿನ, ಬೆಳಕು ತೂರಿ ಬರುವ ಜಾಗ. ಅದರ ಮೇಲೆ ಸೀಸದ ಗೆರೆ ಎಳೆದರೆ ಬೆಳಕು ತಡೆಯುತ್ತದೆ, ಪ್ರಿಂಟ್‌ನಲ್ಲಿ ಆ ಜಾಗ ಬೆಳ್ಳಗೆ ಬರುತ್ತದೆ. ನೆಗೆಟಿವ್ 8×10 ಇಂಚು ಇದ್ದದ್ದಕ್ಕೇ ಇದು ಸಾಧ್ಯ. 35 ಎಂಎಂ ಫಿಲ್ಮಿನಲ್ಲಿ ಮುಖ ಉಗುರಿನಷ್ಟಿರುತ್ತದೆ, ಪೆನ್ಸಿಲ್ ಊರಲು ಜಾಗವೆಲ್ಲಿ?

ಮನೆಯಲ್ಲಿ ಮಾಡಿ ನೋಡುವವರು ಒಂದೇ ಬಲ್ಬ್ ಬಳಸಿ, ಬಟ್ಟೆ ಮುಚ್ಚಬೇಡಿ. ಮೆತ್ತನೆ ಬೆಳಕಿನಲ್ಲಿ ಮೂಗಿನ ನೆರಳಿನ ಅಂಚು ಕರಗಿಹೋಗುತ್ತದೆ, ಸುಮ್ನೆ ಪಾಸ್‌ಪೋರ್ಟ್ ಫೋಟೋ ಆಗುತ್ತದೆ.