ಬಡ್ತಿ ಪಡೆದ ಆಬ್ಜೆಕ್ಟ್: ಬೇಸ್ ಕ್ಲಾಸ್‌ನ ಮೌಲ್ಯಗಳು ಡಿರೈವ್ಡ್ ಕ್ಲಾಸ್‌ಗೆ ಸಾಗಿದ ಬಗೆ

ಸಂಬಳದ ಲೆಕ್ಕ ಇಡುವ ತಂತ್ರಾಂಶವೊಂದರಲ್ಲಿ ‘ನೌಕರ’ ಎಂಬ ಬೇಸ್ ಕ್ಲಾಸ್, ಅಂದರೆ ಬೇರೆ ಕ್ಲಾಸ್‌ಗಳಿಗೆ ಆಧಾರವಾಗುವ ಅಚ್ಚು, ಇದೆ ಎಂದುಕೊಳ್ಳೋಣ; ಆ ಅಚ್ಚಿನಿಂದ ಮೂಡುವ ಒಂದೊಂದು ನಮೂನೆಯೇ ಆಬ್ಜೆಕ್ಟ್. ಹೆಸರು, ಸಂಖ್ಯೆ, ಮೂಲ ವೇತನ ಅದರ ಫೀಲ್ಡ್‌ಗಳು (ಮಾಹಿತಿಯ ಜಾಗಗಳು). ಅದರಿಂದ ಪಡೆದ, ಅಂದರೆ ಡಿರೈವ್ಡ್, ‘ಮೇಲ್ವಿಚಾರಕ’ ಕ್ಲಾಸ್‌ನಲ್ಲಿ ಇವುಗಳ ಜೊತೆಗೆ ಕೈಕೆಳಗಿನವರ ಪಟ್ಟಿಯೂ ಇದೆ. ನೌಕರರೊಬ್ಬರಿಗೆ ಬಡ್ತಿ ಸಿಕ್ಕಾಗ, ಇರುವ ನೌಕರ ಆಬ್ಜೆಕ್ಟ್‌ನ ಮೌಲ್ಯಗಳನ್ನು ಒಂದೇ ಸಾಲಿನಲ್ಲಿ ಮೇಲ್ವಿಚಾರಕ ಆಬ್ಜೆಕ್ಟ್‌ಗೆ ತುಂಬಲು ಹೊರಟವರನ್ನು ಕಂಪೈಲರ್ (ಬರೆದ ಪ್ರೋಗ್ರಾಂ ಅನ್ನು ಯಂತ್ರಕ್ಕಾಗಿ ಅನುವಾದಿಸುವ ತಂತ್ರಾಂಶ) ತಡೆಯುತ್ತದೆ. ಏಕೆ ತಡೆಯುತ್ತದೆ, ಆ ಮೌಲ್ಯಗಳನ್ನು ಸಾಗಿಸುವುದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ. ಮೇಲ್ವಿಚಾರಕರೆಲ್ಲರೂ ನೌಕರರೇ, ನೌಕರರೆಲ್ಲರೂ ಮೇಲ್ವಿಚಾರಕರಲ್ಲ ಎಂದು ಹೇಳಿ ಪಾಠ ಮುಗಿಸುವುದು ರೂಢಿ. ಆ ತರ್ಕ ಸರಿಯೇ, ಆದರೆ ಅರ್ಧ ಮಾತ್ರ; ಉಳಿದರ್ಧವು ಪ್ರೋಗ್ರಾಮಿಂಗ್ ಭಾಷೆಗಳ ಚರಿತ್ರೆಯಲ್ಲಿದೆ.

ಕ್ಲಾಸ್‌ನಿಂದ ಕ್ಲಾಸ್ ಪಡೆಯುವ ಕಲ್ಪನೆಯನ್ನು ಮೊದಲು ತಂದದ್ದು ಓಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮುಲಾ 67. ಅಲ್ಲಿ ಆಬ್ಜೆಕ್ಟ್‌ಗಳನ್ನು ರೆಫರೆನ್ಸ್ (ಆಬ್ಜೆಕ್ಟ್ ಎಲ್ಲಿದೆ ಎಂದು ತೋರುವ ಗುರುತು) ಮೂಲಕವೇ ಮುಟ್ಟಬೇಕಿತ್ತು. ಅಂಕಿಯಂಥ ಮೌಲ್ಯವನ್ನು ವೇರಿಯಬಲ್‌ಗೆ ಕೊಡಲು ಒಂದು ಚಿಹ್ನೆ, ರೆಫರೆನ್ಸ್ ಕೊಡಲು ಇನ್ನೊಂದು ಚಿಹ್ನೆ. ಇಡೀ ಆಬ್ಜೆಕ್ಟ್ ಅನ್ನು ಇನ್ನೊಂದರ ಮೇಲೆ ನಕಲು ಮಾಡುವ ಮಾತೇ ಅಲ್ಲಿರಲಿಲ್ಲ. ಹಾಗಾಗಿ ನಮ್ಮ ಪ್ರಶ್ನೆ ಆ ಭಾಷೆಯಲ್ಲಿ ತಲೆ ಎತ್ತಲು ಕಾರಣವೇ ಇರಲಿಲ್ಲ.

ತಲೆ ಎತ್ತಿದ್ದು ಸಿ ಪ್ಲಸ್ ಪ್ಲಸ್‌ನಲ್ಲಿ. ಕೇಂಬ್ರಿಡ್ಜ್‌ನಲ್ಲಿ ಸಿಮುಲಾ ಬಳಸಿ ಪಳಗಿದ್ದ ಬ್ಯಾರ್ನೆ ಸ್ಟ್ರೌಸ್ಟ್ರುಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕ್ಲಾಸ್‌ಗಳನ್ನು ಸಿ ಭಾಷೆಯ ಮೇಲೆ ಕಟ್ಟತೊಡಗಿದರು. ಸಿ ಭಾಷೆಯ ಸ್ಟ್ರಕ್ಟ್‌ನಂತೆ (ಹಲವು ಫೀಲ್ಡ್‌ಗಳ ಕಟ್ಟು) ಇಲ್ಲಿ ಆಬ್ಜೆಕ್ಟ್ ಕೂಡ ನೇರ ಮೌಲ್ಯ: ಸ್ಟ್ಯಾಕ್ (ಪ್ರೋಗ್ರಾಂ ಓಡುವಾಗ ಬಳಸುವ ಸ್ಮೃತಿಯ ಒಂದು ಭಾಗ) ಮೇಲೆ ಕೂರಬಲ್ಲದು, ಸಮ ಚಿಹ್ನೆ ಹಾಕಿದರೆ ನಕಲಾಗುತ್ತದೆ. ಡಿರೈವ್ಡ್ ಆಬ್ಜೆಕ್ಟ್‌ನ ಒಳಗೆ ಬೇಸ್ ಭಾಗವು ಇಡಿಯಾಗಿ ಇರುವುದರಿಂದ ಮೇಲ್ವಿಚಾರಕನನ್ನು ನೌಕರನಿಗೆ ಕೊಟ್ಟರೆ ಆ ಭಾಗ ಮಾತ್ರ ಹೋಗಿ, ಪಟ್ಟಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಇದಕ್ಕೆ ‘ಸ್ಲೈಸಿಂಗ್’ ಎಂಬ ಹೆಸರು ಬಿತ್ತು. ಎದುರು ದಿಕ್ಕಿನಲ್ಲಿ ಬಿದ್ದುಹೋಗುವುದು ಏನೂ ಇಲ್ಲ, ಕೊರತೆ ಇದೆ: ಕೈಕೆಳಗಿನವರ ಪಟ್ಟಿಯನ್ನು ತುಂಬುವವರು ಯಾರು? ಭಾಷೆ ಅದನ್ನು ಊಹಿಸಲು ಒಪ್ಪದೆ ಪ್ರೋಗ್ರಾಮರ್‌ಗೇ ಬಿಟ್ಟಿತು. ನೌಕರನನ್ನು ಪಡೆದು ಬೇಸ್ ಭಾಗದ ಕಾಪಿ ಕನ್‌ಸ್ಟ್ರಕ್ಟರ್‌ಗೆ (ಇರುವ ಆಬ್ಜೆಕ್ಟ್ ನೋಡಿ ಅದರ ನಕಲನ್ನು ಕಟ್ಟುವ ಕೋಡ್) ಒಪ್ಪಿಸಿ, ಪಟ್ಟಿಯನ್ನು ಬೇರೆಯಾಗಿ ತುಂಬುವ ಕನ್‌ಸ್ಟ್ರಕ್ಟರ್ ಒಂದನ್ನು ಬರೆದರೆ ಕೆಲಸ ಮುಗಿಯಿತು. ಫೀಲ್ಡ್‌ಗಳನ್ನು ಒಂದೊಂದಾಗಿ ಎತ್ತಿಡಬೇಕಿಲ್ಲ ಎಂಬುದನ್ನು ಅನುಭವಸ್ಥರೂ ಕೆಲವೊಮ್ಮೆ ಮರೆಯುತ್ತಾರೆ. ಕಾಸ್ಟ್ ಮಾಡಿ, ಅಂದರೆ ಬೇರೆ ಬಗೆಯೆಂದು ಘೋಷಿಸಿ, ನೌಕರನನ್ನೇ ಮೇಲ್ವಿಚಾರಕ ಎಂದು ನಂಬಿಸುವುದು ಮಾತ್ರ ಅಪಾಯ. ಇಲ್ಲದ ಪಟ್ಟಿಯನ್ನು ಓದಲು ಹೋದ ಪ್ರೋಗ್ರಾಂ ಹೇಗೆ ವರ್ತಿಸೀತು ಎಂಬುದಕ್ಕೆ ಭಾಷೆಯ ನಿಯಮಗಳು ಹೊಣೆಯಲ್ಲ.

1995ರಲ್ಲಿ ಬಂದ ಜಾವಾ ಮತ್ತೆ ರೆಫರೆನ್ಸ್‌ನ ದಾರಿ ಹಿಡಿಯಿತು. ಸ್ಲೈಸಿಂಗ್ ತೊಲಗಿತು, ಹೊಸ ಭ್ರಮೆ ಹುಟ್ಟಿತು. ಕಾಸ್ಟ್ ಎಂದರೆ ಪರಿವರ್ತನೆ ಎಂದು ಬಗೆದವರಿಗೆ ಪ್ರೋಗ್ರಾಂ ಓಡುವಾಗ ‘ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್’ ಎಂಬ ದೋಷ ಎದುರಾಯಿತು, ಏಕೆಂದರೆ ಅಲ್ಲಿ ಕಾಸ್ಟ್ ಆಬ್ಜೆಕ್ಟ್ ಅನ್ನು ಬದಲಿಸುವುದಿಲ್ಲ, ಅದು ನಿಜಕ್ಕೂ ಆ ಬಗೆಯದೇ ಎಂದು ಪರೀಕ್ಷಿಸುತ್ತದೆ ಅಷ್ಟೇ. ಸಿ ಶಾರ್ಪ್‌ನಲ್ಲಿ ಪರಿವರ್ತನೆಯ ಆಪರೇಟರ್‌ಗಳನ್ನು (ಒಂದು ಬಗೆಯನ್ನು ಇನ್ನೊಂದಕ್ಕೆ ಬದಲಿಸುವ ಕೋಡ್) ನಾವೇ ಬರೆದುಕೊಳ್ಳಬಹುದಾದರೂ ಬೇಸ್ ಮತ್ತು ಡಿರೈವ್ಡ್ ಕ್ಲಾಸ್‌ಗಳ ನಡುವೆ ಬರೆಯುವಂತಿಲ್ಲ. ಈ ನಿಷೇಧ ಹಲವರಿಗೆ ಹಟದಂತೆ ಕಂಡಿದೆ. ನನಗೆ ಅದು ನ್ಯಾಯವೆನಿಸುತ್ತದೆ. ಅಲ್ಲಿ ಕಾಸ್ಟ್ ಅದೇ ಆಬ್ಜೆಕ್ಟ್ ಅನ್ನು ಬೇರೆ ಬಗೆಯಾಗಿ ನೋಡುತ್ತದೆ, ಹೊಸ ಆಪರೇಟರ್ ಬೇರೊಂದು ಆಬ್ಜೆಕ್ಟ್ ಅನ್ನು ಹುಟ್ಟಿಸುತ್ತಿತ್ತು, ಎರಡೂ ಒಂದೇ ಬರವಣಿಗೆಯಲ್ಲಿ ಬೆರೆತರೆ ಓದುವವರಿಗೆ ಗೊತ್ತಾಗುವ ಬಗೆಯೇ ಇರುತ್ತಿರಲಿಲ್ಲ.

ಐವತ್ತು ಫೀಲ್ಡ್‌ಗಳ ಕ್ಲಾಸ್ ಇದ್ದವರು ಸುಮ್ಮನೆ ಕೂರಲಿಲ್ಲ. ರಿಫ್ಲೆಕ್ಷನ್ (ಪ್ರೋಗ್ರಾಂ ಓಡುವಾಗಲೇ ಕ್ಲಾಸ್‌ನ ರಚನೆಯನ್ನು ನೋಡುವ ಸೌಲಭ್ಯ) ಬಳಸಿ, ಹೆಸರು ಹೊಂದುವ ಪ್ರಾಪರ್ಟಿಗಳನ್ನು (ಫೀಲ್ಡ್‌ನಂಥ ಮೌಲ್ಯಗಳನ್ನು) ತಾವೇ ನಕಲಿಸುವ ಸಲಕರಣೆಗಳು ಬಂದವು. ಜಾವಾದಲ್ಲಿ ಅಪಾಚೆ ಕಾಮನ್ಸ್ ಬೀನ್‌ಯುಟಿಲ್ಸ್, ಸಿ ಶಾರ್ಪ್ ಓಡುವ ಡಾಟ್‌ನೆಟ್ ವೇದಿಕೆಯಲ್ಲಿ ಆಟೋಮ್ಯಾಪರ್ ಅಂಥವು. ಶ್ರಮ ಉಳಿಯಿತು, ಕಂಪೈಲರ್‌ನ ಕಾವಲು ಹೋಯಿತು. ಒಂದು ಕಡೆ ‘ವೇತನ’ ಎಂದಿದ್ದದ್ದನ್ನು ಇನ್ನೊಂದು ಕಡೆ ‘ಸಂಬಳ’ ಎಂದರೆ ದೋಷಸೂಚನೆಯಿಲ್ಲದೆ ಆ ಮೌಲ್ಯ ಹಿಂದೆ ಉಳಿದುಬಿಡಬಹುದು. ಪಟ್ಟಿಯಂಥ ಫೀಲ್ಡ್‌ನಲ್ಲಿ ರೆಫರೆನ್ಸ್ ಮಾತ್ರ ನಕಲಾದರೆ ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದರಲ್ಲೂ ಕಾಣಿಸುತ್ತದೆ.

ಇಷ್ಟಾದರೂ ನಕಲು ಬಡ್ತಿಯಾಗದು. ಹೊಸ ಮೇಲ್ವಿಚಾರಕ ಆಬ್ಜೆಕ್ಟ್ ಸಿದ್ಧವಾದರೂ ಹಾಜರಿ ಪುಸ್ತಕ, ವಿಭಾಗದ ಪಟ್ಟಿ ಎಲ್ಲವೂ ಹಳೆಯ ನೌಕರ ಆಬ್ಜೆಕ್ಟ್‌ನತ್ತಲೇ ಬೆರಳು ತೋರುತ್ತಿರುತ್ತವೆ. ಇದನ್ನು ನೇರವಾಗಿ ಎದುರಿಸಿದ್ದು 1994ರ ಆನ್ಸಿ (ಅಮೆರಿಕದ ಮಾನಕ ಸಂಸ್ಥೆ) ಮಾನಕದೊಳಗೆ ಸೇರಿದ ಕಾಮನ್ ಲಿಸ್ಪ್‌ನ ಆಬ್ಜೆಕ್ಟ್ ವ್ಯವಸ್ಥೆ. ಅದರ ‘ಚೇಂಜ್-ಕ್ಲಾಸ್’ ಇರುವ ಆಬ್ಜೆಕ್ಟ್‌ನ ಕ್ಲಾಸ್ ಅನ್ನೇ ಬದಲಿಸಿ, ಹೆಸರು ಹೊಂದುವ ಮೌಲ್ಯಗಳನ್ನು ಹಾಗೆಯೇ ಉಳಿಸಿ, ಹೊಸ ಜಾಗಗಳನ್ನು ತುಂಬಲು ಪ್ರೋಗ್ರಾಮರ್ ಬರೆದ ಮೆಥಡ್ (ಕೋಡ್ ತುಣುಕು) ಅನ್ನು ಕರೆಯುತ್ತದೆ. ಪೈಥಾನ್‌ನಲ್ಲೂ ಆಬ್ಜೆಕ್ಟ್‌ನ ಕ್ಲಾಸ್ ಬದಲಿಸಲು ಎಡೆಯಿದೆ.

ಆ ಸೌಲಭ್ಯ ಇಲ್ಲದ ಭಾಷೆಗಳಲ್ಲಿ ಬಳಕೆಗೆ ಬಂದ ದಾರಿ ಬೇರೆ: ಮೇಲ್ವಿಚಾರಕ ಎಂಬ ಡಿರೈವ್ಡ್ ಕ್ಲಾಸ್ ಅನ್ನೇ ಕೈಬಿಟ್ಟು ನೌಕರನೊಳಗೆ ‘ಹುದ್ದೆ’ ಎಂಬ ಫೀಲ್ಡ್ ಇಡುವುದು. ಬಡ್ತಿ ಬಂದ ದಿನ ಆ ಫೀಲ್ಡ್‌ಗೆ ಹೊಸ ಹುದ್ದೆಯ ಆಬ್ಜೆಕ್ಟ್ ಬರುತ್ತದೆ, ಕೈಕೆಳಗಿನವರ ಪಟ್ಟಿಯೂ ಅದರೊಂದಿಗೇ ಬರುತ್ತದೆ. ಹೆಸರು, ಸಂಖ್ಯೆ, ವೇತನ ಇದ್ದಲ್ಲೇ ಇರುತ್ತವೆ.